ಔಟ್ ಕೇಳದ ಬೌಲರ್

ಸೊಲ್ಲಾಪುರ, ೧೩ ಜುಲೈ ೧೯೫೮, ಭಾನುವಾರ. ಬೆಳಗಿನ ಆರು ಗಂಟೆ ನಲವತ್ತು ನಿಮಿಷಕ್ಕೆ ಆರಂಭ.

ಪುನರ್ವಸು ಮಳೆ ಹಿಡಿದುಕೊಂಡಿದೆ. ಮೈದಾನದಲ್ಲಿ ನೀರು ನಿಂತಿದೆ. ಅಕ್ಟೋಬರಿನ ತನಕ ನನಗೆ ಸ್ಕೋರ್ ಬರೆಯುವ ಕೆಲಸವಿಲ್ಲ. ಒಂದು ತಿಂಗಳಿನಿಂದ ಬರೆಯಬೇಕೆಂದುಕೊಳ್ಳುತ್ತಿದ್ದದ್ದನ್ನು ಇಂದು ಬರೆದು ಮುಗಿಸುತ್ತೇನೆ. ಇದು ನಮ್ಮ ಗಿರಣಿಯ ಕ್ರಿಕೆಟ್ ತಂಡಕ್ಕೆ ನಾಲ್ಕು ಋತು ಬೌಲಿಂಗ್ ಮಾಡಿದ ಒಬ್ಬರ ಬಗ್ಗೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಪತ್ರಿಕೆಯಲ್ಲಿ ಅಚ್ಚಾಗಬಹುದೇ ಎಂದು ಕೇಳಲು ಅವರು ಸಿಕ್ಕಿಲ್ಲ. ಗುರುತಿದ್ದವರಿಗೆ ಹೆಸರಿಲ್ಲದೆಯೂ ಗುರುತು ಹತ್ತುತ್ತದೆ.

ನಾನು ಗಿರಣಿಯ ಟೈಂ ಆಫೀಸಿನಲ್ಲಿ ಕಾರಕೂನ. ೧೯೫೩ರಲ್ಲಿ ಸೇರಿದೆ. ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ತಂಡದ ಸ್ಕೋರ್ ಬರೆಯುವ ಕೆಲಸವನ್ನೂ ನನ್ನ ಕೊರಳಿಗೆ ಕಟ್ಟಿದರು. ಆ ಬೌಲರ್ ಬಂದದ್ದೂ ಅದೇ ವರ್ಷ, ಬದಲಿ ಕೆಲಸಗಾರರಾಗಿ. ಬದಲಿಯವರೆಂದರೆ ಕಾಯಂ ಆಗದವರು. ಬೆಳಗಿನ ಭೋಂಗಾ ಕೂಗುವ ಮೊದಲೇ ಅವರೆಲ್ಲ ಬಾಗಿಲ ಹೊರಗೆ ಸೇರುತ್ತಿದ್ದರು. ಆ ದಿನ ಎಷ್ಟು ನೇಕಾರರು ಗೈರುಹಾಜರೋ ಅಷ್ಟು ಬದಲಿಯವರನ್ನು ಪಾಳಿಯ ಮೇಸ್ತ್ರಿಯಾದ ಜಾಬರ್ ಕೂಗಿ ಒಳಗೆ ಕರೆದುಕೊಳ್ಳುತ್ತಿದ್ದ. ಉಳಿದವರು ಮನೆಗೆ. ಹೀಗಾಗಿ ಜಾಬರ್ ಬಂದೊಡನೆ ಎಲ್ಲರೂ ಮುನ್ನುಗ್ಗಿ, "ನನ್ನ ತಗೋರಿ ಸಾಯಬರ, ನಿನ್ನೆನೂ ತಗೊಂಡಿಲ್ಲ" ಎಂದು ಕೈಯೆತ್ತುತ್ತಿದ್ದರು. ಇವರು ಮಾತ್ರ ಆಚೆ ಬೇವಿನ ಗಿಡದ ಬುಡದಲ್ಲಿ ಕುಳಿತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದರು. ಹನ್ನೂರಿನ ಕಡೆಯ ಕುರುಬರು. ಉದ್ದನೆಯ ಆಳು, ಮೂವತ್ತರ ಆಸುಪಾಸು, ಹಣೆಗೆ ಬೀರೋಬಾ ದೇವರ ಅರಿಶಿನದ ಭಂಡಾರ. ನೂಲುತ್ತಿದ್ದದ್ದು ಎಡಗೈಯಲ್ಲಿ.

ಗಿರಣಿಯ ನೇಕಾರಿಕೆ ಖಾತೆಯ ಮುಖ್ಯಸ್ಥರಾದ ಮಾಸ್ತರರೇ ನಮ್ಮ ತಂಡದ ಕ್ಯಾಪ್ಟನ್. ಮರಾಠಿ ಮನೆಮಾತಿನವರಾದರೂ ಕನ್ನಡ ಚೆನ್ನಾಗಿ ಬಲ್ಲರು. ಒಂದು ದಿನ ಅವರು ಆ ಎಡಗೈ ಬೆರಳುಗಳನ್ನು ನೋಡುತ್ತ ಬಾಗಿಲಲ್ಲೇ ನಿಂತುಬಿಟ್ಟರು. ತೋರುಬೆರಳೂ ಹೆಬ್ಬೆರಳೂ ತಕಲಿಗೆ ಒಂದು ತಿರುವು ಕೊಟ್ಟು ಬಿಟ್ಟರೆ ಅದು ನೆಲ ಮುಟ್ಟುವ ತನಕ ಗಿರಗಿರ ತಿರುಗುತ್ತಿತ್ತು. ಮಾಸ್ತರರು ಜೇಬಿನಿಂದ ಹಳೆಯ ಚೆಂಡು ತೆಗೆದು ಕೊಟ್ಟರು.

"ಇದಕ್ಕ ಹಂಗ ತಿರುವು ಕೊಡಾಕ ಬರತದೇನು?"

ಇವರು ಚೆಂಡನ್ನು ಹೊರಳಿಸಿ ನೋಡಿ, "ಇದಕ್ಕ ನೂಲು ಎಲ್ಲೈತ್ರಿ?" ಎಂದರಂತೆ.

ಮೂರು ತಿಂಗಳಲ್ಲಿ ಅವರು ನಮ್ಮ ತಂಡದ ಮುಖ್ಯ ಬೌಲರ್ ಆದರು. ಆಟಗಾರ ಬದಲಿಯವರಿಗೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಆಟದ ಋತುವಿನಲ್ಲಿ ಅವರನ್ನು ದಿನಾಲೂ ಒಳಗೆ ಕರೆಯುತ್ತಿದ್ದರು. ಮಧ್ಯಾಹ್ನದ ಮೇಲೆ ಸಾಂಚೆ, ಅಂದರೆ ಯಂತ್ರದ ಮಗ್ಗ, ಬಿಟ್ಟು ಮೈದಾನಕ್ಕೆ ಹೋಗಲು ಬಿಡುತ್ತಿದ್ದರು. ಬೌಲಿಂಗೇ ಅವರ ನೌಕರಿ. ಉಳಿದ ನೇಕಾರರು ಅವರಿಗೆ "ಚೆಂಡಿನ ಕೂಲಿ" ಎಂದು ಹೆಸರಿಟ್ಟರು. ಇವರಿಗೆ ಸಿಟ್ಟು ಬರಲಿಲ್ಲ. "ಕೂಲಿ ಅನ್ನೂದು ಖರೇನಽ ಅದಲ್ರಿ" ಎಂದರು.

ಒಂದು ವಿಷಯಕ್ಕೆ ಮಾತ್ರ ಸಿಟ್ಟು ಬರುತ್ತಿತ್ತು. ಕುರಿಗಳಿಗೆ ಕಲ್ಲು ಒಗೆದೊಗೆದು ಇವನಿಗೆ ಈ ಕೈ ಬಂತು ಎಂದು ಯಾರಾದರೂ ಹೊಗಳಿದರೆ ಮುಖ ಕೆಂಪಾಗುತ್ತಿತ್ತು. "ಕುರಿಗಿ ಯಾವನ್ರಿ ಕಲ್ಲ ಒಗಿಯಾಂವ? ನಿಮ್ಮ ಮಕ್ಕಳಿಗಿ ನೀವು ಕಲ್ಲ ಒಗೀತೀರೇನು?"

ಬ್ಯಾಟಿಂಗಿನಲ್ಲಿ ಅವರದು ಹನ್ನೊಂದನೆಯ ಪಾಳಿ. ಅದು ಬರುವ ತನಕ ಡೇರೆಯ ನೆರಳಲ್ಲಿ ಕುಳಿತು ನೂಲುತ್ತಿದ್ದರು. "ನಾವು ಚಲೋ ಆಡಿದಷ್ಟು ಇವರ ಕಂಬಳಿ ಉದ್ದ ಆಗತದ" ಎಂದು ಮಾಸ್ತರರು ನಗುತ್ತಿದ್ದರು. ನಾವು ಅರವತ್ತು ಓಟಕ್ಕೆ ಉರುಳಿದ ಒಂದು ದಿನ ಇವರು ತಕಲಿ ಚೀಲಕ್ಕೆ ಹಾಕುತ್ತ, "ಇವತ್ತಿಂದು ಕೂಸಿನ ಕುಂಚಿಗೀಗೂ ಸಾಲೂದಿಲ್ರಿ" ಎಂದದ್ದು ನನ್ನ ದಿನಚರಿಯಲ್ಲಿದೆ.

ಭಂಡಾರದ ಪ್ರಸಂಗವೂ ಇದೆ. ಬೆವರಿನ ಜೊತೆ ಅರಿಶಿನ ಇಳಿದು ಅಂಗಿಯ ಕಾಲರು ಹಳದಿ, ಹಣೆ ಒರೆಸಿದ ಕೈ ಹಳದಿ, ಕೊನೆಗೆ ಚೆಂಡೂ ಹಳದಿ. ಒಮ್ಮೆ ಎದುರಾಳಿ ಕ್ಯಾಪ್ಟನ್ ಚೆಂಡಿಗೆ ಏನೋ ಸವರಿದ್ದಾರೆಂದು ದೂರು ಕೊಟ್ಟ. ಅಂಪೈರ್ ಚೆಂಡನ್ನು ಮೂಸಿ ನೋಡಿದರು. ಆಮೇಲೆ ಬೌಲರನ ಹಣೆ ನೋಡಿದರು. "ದೇವರದು. ಆಟ ಮುಂದುವರಿಯಲಿ" ಎಂದರು.

ಇನ್ನು ಮುಖ್ಯ ಸಂಗತಿ. ಕ್ರಿಕೆಟ್ ತಿಳಿಯದವರಿಗಾಗಿ ಒಂದು ನಿಯಮ ಹೇಳಬೇಕು. ಬ್ಯಾಟ್ಸ್‌ಮನ್ ಔಟ್ ಆದದ್ದು ಅಂಪೈರಿಗೆ ಕಣ್ಣಾರೆ ಕಂಡರೂ, ಬೌಲಿಂಗ್ ಮಾಡುವ ತಂಡದಿಂದ ಯಾರಾದರೂ "ಹೌಜ್ಯಾಟ್" ಎಂದು ಕೇಳದೆ ಅವರು ಬೆರಳೆತ್ತುವಂತಿಲ್ಲ. ಅದರಲ್ಲೂ ಚೆಂಡು ಕಾಲಿನ ಪ್ಯಾಡಿಗೆ ಬಡಿದಾಗ ಕೇಳಲೇಬೇಕು. ಎಲ್ಲ ಬೌಲರುಗಳೂ ಗಂಟಲು ಹರಿಯುವಂತೆ ಕೇಳುತ್ತಾರೆ. ಇವರು ಕೇಳುತ್ತಿರಲಿಲ್ಲ. ಚೆಂಡು ಹಾಕಿ, ಅದು ಪ್ಯಾಡಿಗೆ ಬಡಿದದ್ದನ್ನು ನೋಡಿ, ತಿರುಗಿ ತಮ್ಮ ಜಾಗಕ್ಕೆ ನಡೆಯುತ್ತಿದ್ದರು.

ಇವರ ಪರವಾಗಿ ಕೇಳುತ್ತಿದ್ದವರು ನಮ್ಮ ವಿಕೆಟ್ ಕೀಪರ್. ತೆಲುಗು ಮನೆಯ ಕಾಯಂ ನೇಕಾರರು, ಎಲ್ಲರಿಗೂ ಅಣ್ಣ. ಎಂಟು ನೂರು ಸಾಂಚೆಗಳ ಗದ್ದಲದಲ್ಲಿ ಮಾತಾಡಿ ಪಳಗಿದ ಗಂಟಲು. ಅವರು "ಹೌಜ್ಯಾಟ್" ಎಂದರೆ ಮೈದಾನದ ಆಚೆಯ ಟಾಂಗಾ ಕುದುರೆ ಕಿವಿ ನಿಮಿರಿಸುತ್ತಿತ್ತು. "ಅವ ಹಾಕತಾನ, ನಾ ಕೇಳತೀನಿ. ನವರಾ-ಬಾಯ್ಕೋ ಸಂಸಾರ ಇದ್ದಂಗ ನಮ್ದು" ಎನ್ನುತ್ತಿದ್ದರು. ಗಂಡ ಯಾರು, ಹೆಂಡತಿ ಯಾರು ಎಂದು ಹುಡುಗರು ಕೆಣಕಿದರೆ, "ಕೇಳಾಕಿ ಯಾವಾಗೂ ಹೆಂಡತಿನಽ ಅಲ್ಲೇನೋ" ಎಂದು ತಾವೇ ಮೊದಲು ನಗುತ್ತಿದ್ದರು.

ನಾನು ಒಮ್ಮೆ ಬೌಲರನ್ನೇ ಕೇಳಿದೆ. ೧೯೫೫ರ ಡಿಸೆಂಬರ್, ಅಕ್ಕಲಕೋಟೆಯಲ್ಲಿ ಆಡಿ ಬಸ್ಸಿನಲ್ಲಿ ಮರಳುತ್ತಿದ್ದೆವು.

"ಮಾಮಾ, ಔಟ್ ಆಗಿದ್ದು ನಿಮಗ ಗೊತ್ತಾಗತದಲ್ರಿ?"

"ನನಗ ಗೊತ್ತಾಗದಽ ಮತ್ತ ಯಾರಿಗಿ?"

"ಮತ್ತ ಯಾಕ ಕೇಳೂದಿಲ್ಲ?"

ಅವರು ಕಿಟಕಿಯ ಹೊರಗೆ ಕೈ ತೋರಿಸಿದರು. ಜೋಳ ಕೊಯ್ದ ಹೊಲವೊಂದರಲ್ಲಿ ಕುರಿಹಿಂಡು ಮಲಗಿತ್ತು.

"ನೋಡ್ರಿ ಕಾರಕೂನ್ರ. ಹೊಲದಾಗ ರಾತ್ರಿ ಹಿಂಡು ತರಬಿ ನಿಲ್ಲಿಸಿದ್ರ ಕುರಿ ಹಿಕ್ಕಿ ಬೀಳತೈತಿ, ಗೊಬ್ಬರ ಆಗಿ ಮುಂದಿನ ಪೀಕು ಚಲೋ ಬರತೈತಿ. ಅದಕ್ಕ ಹೊಲದವರ ನಮ್ಮಂತ್ಯಾಕ ಬಂದು ಕರೀತಾರ. ಕರದ್ರ ಹೋಗತೀವಿ, ಜ್ವಾಳಾ ಕೊಡತಾರ. ನಾವಽ ಹೋಗಿ, ನಿಮ್ಮ ಹೊಲಕ್ಕ ಬರಲೇನ್ರಿ ಅಂತ ಕೇಳಿದ್ವೋ, ಹಿಕ್ಕಿ ಅಗ್ಗ ಆತು. ನಮ್ಮಪ್ಪ ಸಾಯೂತನಕ ಯಾರನ್ನೂ ಕೇಳಲಿಲ್ಲ."

"ಆದ್ರ ಇದು ಆಟ."

"ಹೌದ್ರಿ. ಚೆಂಡು ನಂದು, ಕಣ್ಣು ಅಂಪೈರ್ದು. ಅವರಿಗಿ ಕಂಡ್ರ ಕರೀಲಿ."

ಆ ರಾತ್ರಿಯ ದಿನಚರಿಯಲ್ಲಿ ಅದಕ್ಕೆ ಉತ್ತರವೆಂದು ಮೂರು ವಾದ ಬರೆದಿದ್ದೇನೆ. ಈಗ ಓದಿದರೆ ಮೂರೂ ಸರಿಯಾಗಿವೆ. ಅವರೆದುರು ಒಂದೂ ನಿಲ್ಲುತ್ತಿರಲಿಲ್ಲ. ಅದೇ ಋತುವಿನಲ್ಲಿ ಅವರು ಪಡೆದ ವಿಕೆಟ್ ನಲವತ್ತೊಂದು. ಕೀಪರ್ ಅಣ್ಣನಿಗೆ ಜ್ವರ ಬಂದು ಆಡದ ಎರಡು ಪಂದ್ಯಗಳಲ್ಲಿ, ಯಾರೂ ಕೇಳದೆ ಹೋದ ವಿಕೆಟ್ ನನ್ನ ಲೆಕ್ಕದಲ್ಲಿ ಏಳು.

ಅವರ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಆ ಹೊತ್ತಿಗೆ ಸೊಲ್ಲಾಪುರಕ್ಕೆ ಬಂದಿದ್ದರು. ಚಾಳಿನಲ್ಲಿ ಒಂದು ಖೋಲಿ, ಒಂದೇ ಕೋಣೆ. ದೊಡ್ಡ ಮಗಳು ಮುನಿಸಿಪಾಲಿಟಿಯ ಕನ್ನಡ ಸಾಲೆಗೆ ಹೋಗುತ್ತಿದ್ದಳು. ಅವರ ಮನೆತನದಲ್ಲಿ ಅಕ್ಷರ ಕಲಿತ ಮೊದಲನೆಯವಳು. ಭಾನುವಾರ ಬುತ್ತಿ ತಂದಾಗ ಮೈದಾನದಲ್ಲಿ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಸೋಡಾ ಬಾಟಲಿಯ ಚೀಟಿ, ಡೇರೆಯ ಮೇಲಿನ ಗಿರಣಿಯ ಹೆಸರು, ಒಮ್ಮೆ ನನ್ನ ಸ್ಕೋರ್ ಪುಸ್ತಕ. ನಾನು ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೆ. ಅವಳು ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಹೋದಳು. ಹನ್ನೊಂದನೆಯದಕ್ಕೆ ಬಂದು ತಲೆಯೆತ್ತಿದಳು.

"ಅಪ್ಪಾ, ಇಲ್ಲಿ ನೀ ಅದಿ!"

ಅವರು ನೂಲುವುದು ನಿಲ್ಲಿಸಿ ಹತ್ತಿರ ಬಂದರು. ಅಕ್ಷರದ ಮೇಲೆ ಬೆರಳು ಇಡದೆ, ಸ್ವಲ್ಪ ಮೇಲೆ ಗಾಳಿಯಲ್ಲೇ ಹಿಡಿದು ಕೇಳಿದರು. "ಇದು ನಾನಾ?" ಅವಳು ಇನ್ನೊಮ್ಮೆ ಓದಿದಳು. ಆ ದಿನ ಅವರು ಮೂರು ಸಲ ಬಂದು ಅದನ್ನು ಓದಿಸಿಕೊಂಡು ಹೋದರು. ಬೌಲರುಗಳು ಕೇಳುವುದನ್ನು ನಾನು ಬಹಳ ನೋಡಿದ್ದೇನೆ. ಮಗಳ ಹತ್ತಿರ ಹೀಗೆ ಕೇಳಲು ಅವರಿಗೆ ಸಂಕೋಚವಿರಲಿಲ್ಲ.

೧೯೫೬ರ ಕೊನೆಗೆ ಗಿರಣಿಯಲ್ಲಿ ಸುದ್ದಿ ಹಬ್ಬಿತು. ಹೋಳಿಯ ನಂತರ ಮೂರನೆಯ ಪಾಳಿ ಬಂದ್, ಬದಲಿಯವರನ್ನು ಕರೆಯುವುದೂ ಬಂದ್. ಮಾಸ್ತರರು ಮ್ಯಾನೇಜರರ ಬಳಿ ಹೋಗಿ ಇವರ ವಿಷಯ ಎತ್ತಿದರು. ಮ್ಯಾನೇಜರ್ ಒಂದು ಮಾತು ಕೊಟ್ಟರು. ಜನವರಿಯ ಆಯ್ಕೆ ಪಂದ್ಯದಲ್ಲಿ ಇವರು ಜಿಲ್ಲಾ ತಂಡಕ್ಕೆ ಆಯ್ಕೆಯಾದರೆ ಕಾಯಂ ಮಾಡುತ್ತೇನೆ, ಇಲ್ಲದಿದ್ದರೆ ಎಲ್ಲರಂತೆ ಇವರೂ. ಕಾಯಂ ಆಗದಿದ್ದರೆ ಖೋಲಿ ಬಿಟ್ಟು ಅಣ್ಣತಮ್ಮಂದಿರ ಹಿಂಡಿಗೆ ಮರಳಬೇಕು. ಹಿಂಡಿನ ಹಿಂದೆ ಊರೂರು ನಡೆಯುವ ಹುಡುಗಿಗೆ ಸಾಲೆಯಿಲ್ಲ. ಇದು ಅವರಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಆಯ್ಕೆ ಪಂದ್ಯ ೧೯೫೭ರ ಜನವರಿ ೨೦, ಭಾನುವಾರ. ಎಲ್ಲ ಗಿರಣಿಗಳ, ಕ್ಲಬ್ಬುಗಳ ಆಟಗಾರರನ್ನು ಬೆರೆಸಿ ಚೀಟಿಯೆತ್ತಿ ಎರಡು ತಂಡ ಮಾಡಿದರು. ಚೀಟಿಯಲ್ಲಿ ಕೀಪರ್ ಅಣ್ಣ ಎದುರಿನ ತಂಡಕ್ಕೆ ಹೋದರು. ಅಣ್ಣನಿಗೂ ಅದು ಆಯ್ಕೆಯ ಪಂದ್ಯವೇ. ಮೂವತ್ತೈದು ದಾಟಿತ್ತು, ಜಿಲ್ಲೆಗೆ ಆಡುವ ಕೊನೆಯ ಅವಕಾಶ.

ಇವರು ಅಂದು ಹಾಕಿದಷ್ಟು ಚೆನ್ನಾಗಿ ಯಾವತ್ತೂ ಹಾಕಿರಲಿಲ್ಲ. ನೆಲಕ್ಕೆ ಬಿಗಿದ ತೆಂಗಿನ ನಾರಿನ ಕಾಥಾ ಚಾಪೆಯ ಮೇಲೆ ಚೆಂಡು ಕಚ್ಚಿ ತಿರುಗುತ್ತಿತ್ತು. ಇಬ್ಬರ ಗೂಟ ಹಾರಿಸಿದರು. ಗೂಟ ಹಾರಿದ ಮೇಲೆ ಕೇಳುವುದೇನಿದೆ? ಆದರೆ ಮೂರು ಸಲ ಚೆಂಡು ನೇರವಾಗಿ ಪ್ಯಾಡಿಗೆ ಬಡಿಯಿತು. ಅಂದು ಇವರ ತಂಡಕ್ಕೆ ಬಂದ ಕೀಪರ್ ಬಾರ್ಸಿಯ ಹುಡುಗ, ಇವರ ರೀತಿ ತಿಳಿಯದವನು. ಬೌಲರೇ ತಿರುಗಿ ನಡೆದ ಮೇಲೆ ಔಟ್ ಇರಲಿಕ್ಕಿಲ್ಲ ಎಂದು ಸುಮ್ಮನಿದ್ದ. ಮೂರು ಸಲವೂ ಅಂಪೈರ್, ಪುಣೆಯಿಂದ ಬಂದ ನಿವೃತ್ತ ಡ್ರಿಲ್ ಮಾಸ್ತರರು, ಇವರ ಬೆನ್ನನ್ನು ಆಶ್ಚರ್ಯದಿಂದ ನೋಡಿದರು.

ಆಮೇಲೆ ಕೀಪರ್ ಅಣ್ಣ ಬ್ಯಾಟ್ ಹಿಡಿದು ಬಂದರು. ಎರಡು ಚೆಂಡು ತಡೆದರು. ಮೂರನೆಯದು ತಿರುಗದ, ನೇರ ಬರುವ ಚೆಂಡು. ನಾಲ್ಕು ವರ್ಷ ಗೂಟದ ಹಿಂದೆ ಕುಳಿತು ಅಣ್ಣ ಅದನ್ನು ನೂರಾರು ಸಲ ಹಿಡಿದವರು, ಅದು ಪ್ಯಾಡಿಗೆ ಬಡಿದಾಗಲೆಲ್ಲ ಕೂಗಿದವರು. ಈ ಸಲ ಅದು ಅವರ ಪ್ಯಾಡಿಗೇ ಬಡಿಯಿತು. ಬಡಿದೊಡನೆ ಅವರ ಬಾಯಿಂದಲೇ, ಅಷ್ಟೇ ಗಟ್ಟಿಯಾಗಿ, "ಹೌಜ್ಯಾಟ್!" ಎಂದು ಹೊರಟುಬಿಟ್ಟಿತು.

ಮೈದಾನವೆಲ್ಲ ನಕ್ಕಿತು. ಅಂಪೈರರ ಬೆರಳು ಅರ್ಧ ಏರಿ ಅಲ್ಲೇ ನಿಂತಿತು. ನಾನು ಸ್ಕೋರ್ ಮೇಜಿನಲ್ಲಿ ದೂರ ಇದ್ದೆ. ಮುಂದಿನ ಮಾತುಗಳು ಅಣ್ಣ ಆಮೇಲೆ ಹೇಳಿದವು.

ಔಟ್ ಆಗುವವನೇ ಕೇಳಿದರೆ ಅದು ಲೆಕ್ಕಕ್ಕಿಲ್ಲ ಎಂದು ಅಂಪೈರ್ ಹೇಳಿದರು. ಆಮೇಲೆ ಇವರ ಕಡೆ ತಿರುಗಿ, ತಮಗೆ ಬರುವಷ್ಟು ಕನ್ನಡದಲ್ಲಿ, "ನೀವು ಕೇಳ್ತೀರಾ?" ಎಂದರು.

"ನಿಮಗ ಕಂಡಿತಿಲ್ರಿ?"

"ಕಂಡಿತು."

"ಮತ್ತ?"

"ಕೇಳಬೇಕು."

ಇವರು ಚೆಂಡು ನೋಡುತ್ತ ನಿಂತರು. ಅಣ್ಣನಿಗೆ ತಡೆಯಲಾಗಲಿಲ್ಲ. "ಕೇಳೋ ದೋಸ್ತ! ಸಾಯಬರಽ ಕೇಳು ಅನ್ನಾಕತ್ಯಾರ. ಹುಡಗಿ ಸಾಲಿ ನೆನಸ್ಕೊ!"

"ನೀ ಔಟ್ ಆದ್ರ ನಿನ್ನ ಜಾಗಾ ಹೋಗತೈತಿ ಅಣ್ಣಾ" ಎಂದರು ಇವರು. "ನಿನ್ನ ಮ್ಯಾಲೆ ನಾ ಹೆಂಗ ಕೇಳಲಿ?"

ಅಣ್ಣ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ತಾವಾಗಿಯೇ ಡೇರೆಗೆ ಹೊರಟರು. ಅಂಪೈರ್ ಹೋಗುವವರನ್ನು ತಡೆಯಲಿಲ್ಲ. ಸಂಜೆ ಜಿಲ್ಲಾ ತಂಡದ ಹೆಸರು ಓದಿದರು. ಇಬ್ಬರ ಹೆಸರೂ ಇರಲಿಲ್ಲ.

ಹೋಳಿಯ ನಂತರ ಬದಲಿಯವರನ್ನು ಕರೆಯುವುದು ನಿಂತಿತು. ಆದರೂ ಇವರು ಕೆಲವು ದಿನ ಬಂದು ಬೇವಿನ ಬುಡದಲ್ಲಿ ಕುಳಿತರು. ಮಗಳ ಪರೀಕ್ಷೆ ಮುಗಿಯುವ ತನಕ ಖೋಲಿ ಬಿಡಲಿಲ್ಲ. ಎರಡನೆಯ ಇಯತ್ತೆ ಪಾಸಾದಳು.

ಜೂನ್ ಎರಡು, ಭಾನುವಾರ. ಬೆಳಿಗ್ಗೆ ಅವರು ನನ್ನ ಮನೆಗೆ ಬಂದು, "ಕಾರಕೂನ್ರ, ಅಣ್ಣನ ಮನೀತನಕ ಬರತೀರೇನು?" ಎಂದರು. ಯಾಕೆಂದು ಹೇಳಲಿಲ್ಲ. ಇಬ್ಬರೂ ನಡೆದೆವು. ಅಣ್ಣನ ಮನೆಯಲ್ಲಿ ಮುಂದಿನ ಪಡಸಾಲೆ ತುಂಬ ಕೈಮಗ್ಗ, ಅದರ ಪಕ್ಕದಲ್ಲಿ ಚಾಪೆ. ಅಣ್ಣನ ಹೆಂಡತಿ, ನಮಗೆಲ್ಲ ವೈನಿ, ಚಹಾ ಕೊಟ್ಟರು. ಇವರು ಮಳೆಯ ಮಾತಾಡಿದರು. ಭಂಡಾರಕವಠೆಯ ಕಡೆ ಕುರಿಗಳಿಗೆ ಬಂದ ರೋಗದ ಮಾತಾಡಿದರು. ಮಗ್ಗದ ಹಾಸು ಮುಟ್ಟಿ ನೋಡಿ ಚಲೋ ಐತಿ ಎಂದರು. ಎರಡನೆಯ ಚಹಾ ಬಂತು. ಅದೂ ಮುಗಿಯಿತು. ಎದ್ದು ಮೆಟ್ಟು ಹಾಕಿಕೊಂಡು ಹೊಸ್ತಿಲ ತನಕ ಹೋದವರು ತಿರುಗಿದರು.

"ಅಣ್ಣಾ, ಒಂದು ಮಾತು…"

ಅಣ್ಣನಿಗೆ ಅಷ್ಟರಲ್ಲೇ ತಿಳಿದುಹೋಗಿತ್ತು. ನಾಲ್ಕು ವರ್ಷದ ರೂಢಿ. ವೈನಿಯ ಕಡೆ ತಿರುಗಿ, "ಏನಿಲ್ಲ, ಅವನ ಹುಡಗಿ…" ಎಂದು ಬಾಯಿ ತೆರೆದರು.

ವೈನಿ ತಡೆದರು. "ನೀವು ಸುಮ್ಮ ಕೂಡ್ರಿ. ಇದನ್ನ ಅವರಽ ಕೇಳಲಿ."

ಇವರ ಎಡಗೈಯ ಬೆರಳುಗಳು ಬರಿದೇ ತಿರುವು ಕೊಡುತ್ತಿದ್ದವು. ಆಮೇಲೆ ಅಣ್ಣನನ್ನಲ್ಲ, ವೈನಿಯನ್ನು ನೋಡಿ ಕೇಳಿದರು.

"ಅಕ್ಕಾ, ನಮ್ಮ ಹುಡಗಿ ನಿಮ್ಮಲ್ಲಿ ಇದ್ದು ಸಾಲಿಗಿ ಹೋಗಲೇನ್ರಿ?"

"ಹೋಗಲಿ" ಎಂದರು ವೈನಿ. "ನನಗೂ ಇಬ್ಬರು ಗಂಡಸರ ಜೋಡಿ ಜಗಳಾಡಿ ಸಾಕಾಗೇದ, ಒಂದು ಹೆಣ್ಣಿನ ಸಂಗಾತ ಇರಲಿ. ಒಳಗ ಬರ್ರಿ, ಹೊಸ್ತಿಲದಾಗ ನಿಂತು ಏನ ಕೇಳ್ತೀರಿ." ಇಬ್ಬರು ಗಂಡಸರೆಂದರೆ ಅಣ್ಣ ಮತ್ತು ಆರು ವರ್ಷದ ಮಗ.

ಇವರು ಒಳಗೆ ಬರಲಿಲ್ಲ. ಅಲ್ಲೇ ಕುಳಿತು ಮುಖ ಒರೆಸಿಕೊಂಡರು. ಅಣ್ಣ ಅವರ ಬೆನ್ನು ತಟ್ಟುತ್ತ, "ಗಂಟಲಿಗೇನ ಆತೋ? ಏನೂ ಆಗಲಿಲ್ಲಲ್ಲ?" ಎಂದು ಕೆಣಕಿದರು. ಅಣ್ಣನ ಕಣ್ಣೂ ಒದ್ದೆಯಾಗಿತ್ತು.

ಮಳೆಗಾಲ ಮುಗಿಯುವ ತನಕ ಹಿಂಡು ಹನ್ನೂರ ಹತ್ತಿರವೇ ಇತ್ತು. ಅವರು ಎರಡು ಸಲ ಬಂದು ಮಗಳನ್ನು ನೋಡಿ ಹೋದರು. ದಸರಾ ಆದ ಮೇಲೆ ಹೆಂಡತಿ, ಸಣ್ಣ ಮಗಳ ಜೊತೆ ಹಿಂಡು ಹೊಡೆದುಕೊಂಡು ದಕ್ಷಿಣಕ್ಕೆ ಹೋದರು. ಸಂಕ್ರಾಂತಿಯ ಮುಂಚೆ ಭೀಮಾ ದಾಟಿದ್ದನ್ನು ಕಂಡೆನೆಂದು ಭಂಡಾರಕವಠೆಯ ಒಬ್ಬರು ಪೇಟೆಯಲ್ಲಿ ಹೇಳಿದರು. ಕೊನೆಯ ಸುದ್ದಿ ಅದೇ. ಮೃಗಶಿರಾ ಮಳೆಗೆ ಹಿಂಡುಗಳು ಮರಳಬೇಕು. ಈ ಸಲ ಬೇರೆ ಹಿಂಡುಗಳು ಬಂದಿವೆ, ಅವರದು ಬಂದಿಲ್ಲ. ಜೂನ್ ಇಪ್ಪತ್ತೊಂಬತ್ತಕ್ಕೆ ನಾನು ಹನ್ನೂರಿಗೆ ಹೋಗಿಬಂದೆ. ಮನೆಗೆ ಬೀಗ. ಅವರ ದೊಡ್ಡಣ್ಣ, "ಆಕಡೆ ಮೇವು ಚಲೋ ಐತಂತ್ರಿ. ಮೇವು ಇದ್ದಲ್ಲಿ ನಿಂತಿರತಾನ, ಬರತಾನ" ಎಂದರು. ಹಾಗೆಯೇ ಇರಬಹುದು. ಆದರೆ ಅಣ್ಣನ ಮನೆಯಲ್ಲಿ ಆ ಹುಡುಗಿ ಸಂಜೆ ಹೊಸ್ತಿಲಲ್ಲಿ ಕುಳಿತು ಪಾಠ ಓದುತ್ತಾಳೆ. ಕುರಿ ಕೂಗಿದ ಸದ್ದು ಕೇಳಿದರೆ ಓದುವುದು ನಿಲ್ಲಿಸುತ್ತಾಳೆ.

ಈ ಪತ್ರಿಕೆ ಭೀಮಾ ಮತ್ತು ಕೃಷ್ಣೆಯ ನಡುವಿನ ಊರುಗಳಿಗೂ ಹೋಗುತ್ತದೆಂದು ಸಂಪಾದಕರು ಹೇಳಿದ್ದಾರೆ. ಎಡಗೈಯಲ್ಲಿ ನೂಲುವ, ಉದ್ದನೆಯ, ಮಾತು ಕಡಿಮೆಯ ಕುರಿಗಾರರೊಬ್ಬರು ನಿಮ್ಮ ಊರಿನ ಹೊಲಗಳಲ್ಲಿ ಹಿಂಡು ತರುಬಿದ್ದರೆ, ಅಥವಾ ಈ ವರ್ಷ ಯಾವಾಗಲಾದರೂ ತರುಬಿ ಮುಂದೆ ಹೋಗಿದ್ದರೆ, ಎಲ್ಲಿ, ಯಾವ ತಿಂಗಳು ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಅವರೇ ಸಿಕ್ಕರೆ, ಸೊಲ್ಲಾಪುರದಲ್ಲಿ ಮಗಳು ಹೇಗಿದ್ದಾಳೆಂದು ಅವರು ಕೇಳುವ ತನಕ ಕಾಯಬೇಡಿ. ನೀವೇ ಹೇಳಿ. ಮೂರನೆಯ ಇಯತ್ತೆ ಪಾಸಾಗಿದ್ದಾಳೆ, ನಾಲ್ಕನೆಯದಕ್ಕೆ ಹೋಗುತ್ತಿದ್ದಾಳೆ, ಮೈಗೆ ಹುಷಾರಾಗಿದ್ದಾಳೆ.